ಪಿಕಪ್ ಎತ್ತರಿಸಿದರೆ ಹೆಚ್ಚು ಭಾರ ಹೊರುತ್ತದೆಯೇ? ರಾಬರ್ಟ್ ಹುಕ್ ಬದುಕಿನಲ್ಲಿದೆ ಉತ್ತರ

ಸೇಡಂನಿಂದ ಚಿತ್ತಾಪುರ, ವಾಡಿ, ಶಹಾಬಾದ್ ಕಡೆಗೆ ಹೋಗುವ ಯಾವ ರಸ್ತೆಯಲ್ಲಿ ಸ್ವಲ್ಪ ಹೊತ್ತು ನಿಂತರೂ ಕಲ್ಲು ಹೇರಿಕೊಂಡ ಪಿಕಪ್ ಗಾಡಿ ಕಣ್ಣಿಗೆ ಬೀಳುತ್ತದೆ. ಮನೆಗಳ ನೆಲಕ್ಕೆ ಹಾಸುವ ಶಹಾಬಾದ್ ಕಲ್ಲು, ಸಿಮೆಂಟು ಚೀಲ, ಸುಗ್ಗಿಯಲ್ಲಿ ತೊಗರಿ. ಗಾಡಿಯ ಹಿಂಭಾಗ ನೆಲಕ್ಕೆ ಕುಸಿದು, ಮುಂದಿನ ದೀಪಗಳು ಆಕಾಶ ನೋಡುತ್ತಿರುತ್ತವೆ. ಎರೆ ಭೂಮಿಯ ರಸ್ತೆ ಮಳೆಗಾಲದಲ್ಲಿ ಹೇಗಿರುತ್ತದೆ ಎನ್ನುವುದನ್ನು ಈ ಭಾಗದವರಿಗೆ ನಾವು ಹೇಳಬೇಕಾಗಿಲ್ಲ. ಹೀಗಾಗಿ ಗಾಡಿಯನ್ನು ಸ್ವಲ್ಪ ಎತ್ತರಿಸಿಬಿಡೋಣ, ಗಟ್ಟಿ ಸ್ಪ್ರಿಂಗ್ ಹಾಕಿಸೋಣ, ದಪ್ಪ ಶಾಕ್ ಅಬ್ಸಾರ್ಬರ್ ತರಿಸೋಣ ಎನ್ನುವ ಆಸೆ ಅನೇಕರಿಗೆ ಬರುತ್ತದೆ.

ಆಸೆಯ ಜೊತೆಗೆ ಮೂರು ನಂಬಿಕೆಗಳೂ ಇರುತ್ತವೆ. ಗಟ್ಟಿ ಸ್ಪ್ರಿಂಗ್ ಹಾಕಿದರೆ ಗಾಡಿ ಹೆಚ್ಚು ಭಾರ ಹೊರುತ್ತದೆ ಎನ್ನುವುದು ಮೊದಲನೆಯದು. ಹೊಸ ಶಾಕ್ ಅಬ್ಸಾರ್ಬರ್ ಗಾಡಿಯನ್ನು ಮೇಲೆತ್ತುತ್ತದೆ ಎನ್ನುವುದು ಎರಡನೆಯದು. ಎರಡು ಇಂಚು ಎತ್ತರಿಸಿದರೆ ಬೇರೇನೂ ಬದಲಾಗುವುದಿಲ್ಲ ಎನ್ನುವುದು ಮೂರನೆಯದು. ಮೂರೂ ತಪ್ಪು. ಯಾಕೆ ತಪ್ಪು ಎಂದು ತಿಳಿಯಲು ಮುನ್ನೂರೈವತ್ತು ವರ್ಷಗಳ ಹಿಂದೆ ಲಂಡನ್ನಿನಲ್ಲಿದ್ದ ಒಬ್ಬ ಮನುಷ್ಯನ ಕಥೆ ನಮಗೆ ನೆರವಾಗುತ್ತದೆ. ಆತನ ಹೆಸರು ರಾಬರ್ಟ್ ಹುಕ್. ಶಾಲೆಯಲ್ಲಿ ಹುಕ್‌ನ ನಿಯಮ ಎಂದು ಒಂದು ಸಾಲು ಓದಿ ಮರೆತಿರುತ್ತೇವಲ್ಲ, ಅದೇ ಹುಕ್. ಪಿಕಪ್ ಗಾಡಿಯ ಕೆಳಗೆ ಬಗ್ಗಿ ನೋಡಿದರೆ ಆತನ ಗುರುತು ಒಂದಲ್ಲ, ಎರಡು ಕಡೆ ಸಿಗುತ್ತದೆ.

ಸುಣ್ಣದ ಬಂಡೆಗಳ ಊರಿನ ಹುಡುಗ

ಹುಕ್ ಹುಟ್ಟಿದ್ದು 1635ರ ಜುಲೈ 18ರಂದು, ಇಂಗ್ಲೆಂಡಿನ ದಕ್ಷಿಣಕ್ಕಿರುವ ಐಲ್ ಆಫ್ ವೈಟ್ ಎಂಬ ದ್ವೀಪದ ಫ್ರೆಶ್‌ವಾಟರ್ ಎಂಬ ಊರಿನಲ್ಲಿ. ತಂದೆ ಜಾನ್ ಹುಕ್ ಅಲ್ಲಿನ ಚರ್ಚಿನ ಪಾದ್ರಿ. ಊರಿನ ಸಮುದ್ರ ದಂಡೆಯಲ್ಲಿ ಬಿಳಿ ಸೀಮೆಸುಣ್ಣದ ಬಂಡೆಗಳು ಗೋಡೆಯಂತೆ ನಿಂತಿವೆ. ಸೇಡಂ, ಶಹಾಬಾದಿನ ಕಲ್ಲೂ ಸುಣ್ಣದ ಕಲ್ಲೇ. ಎರಡರಲ್ಲೂ ಮುಖ್ಯವಾಗಿ ಇರುವುದು ಕ್ಯಾಲ್ಸಿಯಂ ಕಾರ್ಬೊನೇಟ್. ನಮ್ಮದು ಬಹಳ ಹಳೆಯದು, ಗಟ್ಟಿ, ಪದರ ಪದರವಾಗಿ ಏಳುತ್ತದೆ. ಅಲ್ಲಿನದು ಮೆತ್ತಗಿದ್ದು, ಚಿಪ್ಪುಗಳಿಂದ ತುಂಬಿದೆ. ಕಲ್ಲಾಗಿ ಹೋದ ಆ ಚಿಪ್ಪುಗಳು ಒಂದು ಕಾಲದಲ್ಲಿ ಬದುಕಿದ್ದ ಜೀವಿಗಳದ್ದೇ ಎಂದು ಹುಕ್ ಮುಂದೆ ವಾದಿಸಿದ. ಆ ಕಾಲದ ಹೆಚ್ಚಿನವರು ಒಪ್ಪದ ಮಾತು ಅದು.

ಹುಡುಗನ ಆರೋಗ್ಯ ಚೆನ್ನಾಗಿರಲಿಲ್ಲ. ಆಗಾಗ ತಲೆನೋವು ಬರುತ್ತಿದ್ದುದರಿಂದ ಓದು ಸಾಗಲಿಲ್ಲ. ಆದರೆ ಕೈ ಸುಮ್ಮನೆ ಕೂರುತ್ತಿರಲಿಲ್ಲ. ಹಿತ್ತಾಳೆಯ ಗಡಿಯಾರವೊಂದನ್ನು ಬಿಚ್ಚುವುದನ್ನು ನೋಡಿ, ಅಂಥದ್ದನ್ನೇ ಮರದಲ್ಲಿ ಮಾಡಿದನಂತೆ. ಅದು ನಡೆಯುತ್ತಲೂ ಇತ್ತಂತೆ. 1648ರಲ್ಲಿ ತಂದೆ ತೀರಿಕೊಂಡಾಗ ಹುಕ್‌ಗೆ 13 ವರ್ಷ. ತಂದೆ ಬಿಟ್ಟುಹೋದ 40 ಪೌಂಡ್ ಹಿಡಿದು ಲಂಡನ್ನಿಗೆ ಬಂದ. ಮೊದಲು ಪೀಟರ್ ಲೀಲಿ ಎಂಬ ಚಿತ್ರಕಾರನ ಬಳಿ ಕೆಲಸ ಕಲಿಯಲು ಸೇರಿದ. ಅಲ್ಲಿ ಹೆಚ್ಚು ದಿನ ನಿಲ್ಲಲಿಲ್ಲ. ಆಮೇಲೆ ವೆಸ್ಟ್‌ಮಿನ್ಸ್ಟರ್ ಶಾಲೆಯ ಮುಖ್ಯಶಿಕ್ಷಕ ರಿಚರ್ಡ್ ಬಸ್ಬಿ ಆತನನ್ನು ತಮ್ಮ ಮನೆಯಲ್ಲೇ ಇಟ್ಟುಕೊಂಡು ಓದಿಸಿದರು. ಹದಿಹರೆಯದಲ್ಲೇ ಹುಕ್‌ನ ಬೆನ್ನು ಬಾಗತೊಡಗಿತ್ತು. ಕೊನೆಯವರೆಗೂ ಬಾಗಿದ ದೇಹದಲ್ಲೇ ಆತ ಬದುಕಿದ.

ಗಾಳಿಯೂ ಒಂದು ಸ್ಪ್ರಿಂಗ್

1653ರ ಸುಮಾರಿಗೆ ಹುಕ್ ಆಕ್ಸ್‌ಫರ್ಡಿನ ಕ್ರೈಸ್ಟ್ ಚರ್ಚ್ ಕಾಲೇಜಿಗೆ ಸೇರಿದ. ಹಣವಿಲ್ಲದ ವಿದ್ಯಾರ್ಥಿಯಾದ್ದರಿಂದ ಬೇರೆಯವರ ಬಳಿ ಕೆಲಸ ಮಾಡುತ್ತಲೇ ಓದಬೇಕಿತ್ತು. ಮೊದಲು ವೈದ್ಯ ಥಾಮಸ್ ವಿಲ್ಲಿಸ್, ನಂತರ ಶ್ರೀಮಂತ ವಿಜ್ಞಾನಿ ರಾಬರ್ಟ್ ಬಾಯ್ಲ್ ಆತನಿಗೆ ಕೆಲಸ ಕೊಟ್ಟರು. ಬಾಯ್ಲ್‌ಗೆ ಗಾಳಿ ತೆಗೆಯುವ ಪಂಪ್ ಬೇಕಿತ್ತು. ಬೇರೆಯವರು ಮಾಡಿಕೊಟ್ಟದ್ದು ಕೈಕೊಟ್ಟಾಗ, ಕೆಲಸಕ್ಕೆ ಬರುವ ಪಂಪನ್ನು ಮಾಡಿಕೊಟ್ಟದ್ದು ಹುಕ್. ಆ ಪಂಪಿನಿಂದ ನಡೆದ ಪ್ರಯೋಗಗಳ ಪುಸ್ತಕವನ್ನು ಬಾಯ್ಲ್ 1660ರಲ್ಲಿ ಪ್ರಕಟಿಸಿದಾಗ, ಗಾಳಿಯ ಗುಣವನ್ನು ಹೇಳಲು ಬಳಸಿದ ಪದವೇ ಸ್ಪ್ರಿಂಗ್. ಗಾಳಿಯನ್ನು ಒತ್ತಿದರೆ ಅದು ತಿರುಗಿ ಒತ್ತುತ್ತದೆ. ನಮ್ಮ ಗಾಡಿಯ ಟೈರು ಗುಂಡಿಗೆ ಬಿದ್ದಾಗ ಮೊದಲು ಪೆಟ್ಟು ತಡೆಯುವುದು ಇದೇ ಗಾಳಿಯ ಸ್ಪ್ರಿಂಗ್.

1660ರಲ್ಲಿ ಲಂಡನ್ನಿನಲ್ಲಿ ರಾಯಲ್ ಸೊಸೈಟಿ ಹುಟ್ಟಿತು. ಕೂತು ವಾದ ಮಾಡುವುದಕ್ಕಿಂತ ಮಾಡಿ ನೋಡುವುದು ಮುಖ್ಯ ಎಂದು ನಂಬಿದವರ ಕೂಟ ಅದು. ಮಾಡಿ ತೋರಿಸಲು ಒಬ್ಬ ಬೇಕಲ್ಲ? 1662ರ ನವೆಂಬರಿನಲ್ಲಿ ಹುಕ್ ಪ್ರಯೋಗಗಳ ಮೇಲ್ವಿಚಾರಕನಾಗಿ ಸೇರಿದ. ಪ್ರತಿ ಸಭೆಗೂ ಹೊಸ ಪ್ರಯೋಗಗಳನ್ನು ಸಿದ್ಧಪಡಿಸುವುದು ಆತನ ಕೆಲಸ. ಸೊಸೈಟಿಯ ಬಹುತೇಕ ಸದಸ್ಯರು ಉಳ್ಳವರು. ಹುಕ್ ಮಾತ್ರ ಸಂಬಳಕ್ಕೆ ದುಡಿಯುವವ, ಅದೂ ಹೊತ್ತಿಗೆ ಸರಿಯಾಗಿ ಬಾರದ ಸಂಬಳ. 1665ರಲ್ಲಿ ಗ್ರೆಶಮ್ ಕಾಲೇಜಿನಲ್ಲಿ ರೇಖಾಗಣಿತದ ಪ್ರಾಧ್ಯಾಪಕನಾದ ಮೇಲೆ ಅಲ್ಲಿಯೇ ವಸತಿಯೂ ಸಿಕ್ಕಿತು. ಅದೇ ವರ್ಷ ಸೂಕ್ಷ್ಮದರ್ಶಕದಲ್ಲಿ ಕಂಡದ್ದನ್ನೆಲ್ಲ ಬಿಡಿಸಿ ತೋರಿಸಿದ ಆತನ ಪುಸ್ತಕ ಮೈಕ್ರೊಗ್ರಾಫಿಯಾ ಹೊರಬಂತು. ಬೆಂಡಿನ ತುಣುಕಿನಲ್ಲಿ ಕಂಡ ಪುಟ್ಟ ಕೋಣೆಗಳಿಗೆ ಸೆಲ್ ಎಂದು ಹೆಸರಿಟ್ಟದ್ದು ಹುಕ್. ಜೀವಕೋಶಕ್ಕೆ ಇಂದಿಗೂ ಇಂಗ್ಲಿಷಿನಲ್ಲಿ ಅದೇ ಹೆಸರು.

1665: ಕುಲುಕದ ಗಾಡಿಗಾಗಿ ಹುಡುಕಾಟ

ನಮ್ಮ ವಿಷಯಕ್ಕೆ ನೇರವಾಗಿ ಸೇರುವ ಘಟನೆ ನಡೆದದ್ದೂ ಅದೇ ವರ್ಷ. ಆಗಿನ ಕುದುರೆ ಗಾಡಿಗಳಲ್ಲಿ ಕೂತು ಲಂಡನ್ನಿನ ರಸ್ತೆಯಲ್ಲಿ ಹೋಗುವುದೆಂದರೆ ಮೂಳೆ ಮೂಳೆಯೂ ಅಲುಗಾಡುತ್ತಿತ್ತು. ಕುಲುಕಾಟ ಕಡಿಮೆ ಮಾಡುವ ದಾರಿ ಹುಡುಕಲು ರಾಯಲ್ ಸೊಸೈಟಿಯವರು ಮುಂದಾದರು. 1665ರ ಮೇ 1ರಂದು ಹುಕ್ ಮತ್ತು ಕೆಲವು ಸದಸ್ಯರು ಕರ್ನಲ್ ಬ್ಲಂಟ್ ಎಂಬುವರ ಮನೆಗೆ ಹೋಗಿ, ಊಟದ ನಂತರ ಬೇರೆ ಬೇರೆ ಬಗೆಯಲ್ಲಿ ಸ್ಪ್ರಿಂಗ್ ಜೋಡಿಸಿದ ಗಾಡಿಗಳನ್ನು ಓಡಿಸಿ ನೋಡಿದರು. ಅಂದು ಜೊತೆಗಿದ್ದ ಸ್ಯಾಮ್ಯುಯೆಲ್ ಪೀಪ್ಸ್ ತನ್ನ ದಿನಚರಿಯಲ್ಲಿ ಇದನ್ನು ಬರೆದಿಟ್ಟಿದ್ದಾನೆ. ಇಡೀ ಗಾಡಿಯ ಮೈಯನ್ನು ಒಂದೇ ಉದ್ದ ಸ್ಪ್ರಿಂಗಿನ ಮೇಲೆ ಕೂರಿಸಿದ್ದ ಗಾಡಿ ಆತನಿಗೆ ಬಹಳ ಹಿಡಿಸಿತು.

ಆ ಬೇಸಿಗೆಯಲ್ಲಿ ಲಂಡನ್ನಿಗೆ ಪ್ಲೇಗ್ ಬಂತು. ಹುಕ್ ಇನ್ನಿಬ್ಬರು ಗೆಳೆಯರೊಂದಿಗೆ ಊರು ಬಿಟ್ಟು ಎಪ್ಸಮ್ ಹತ್ತಿರದ ಬಂಗಲೆಯೊಂದರಲ್ಲಿ ಉಳಿದ. ಅಲ್ಲಿಗೆ ಹೋದ ಜಾನ್ ಈವ್ಲಿನ್‌ಗೆ ಕಂಡದ್ದು ಮತ್ತೆ ಗಾಡಿಗಳ ಮೇಲೆ ಪ್ರಯೋಗ ಮಾಡುತ್ತಿದ್ದ ಮೂವರು.

ಅವರ ಪ್ರಶ್ನೆಯೂ ಇಂದು ಸೇಡಂನ ಗ್ಯಾರೇಜಿನಲ್ಲಿ ಕೇಳುವ ಪ್ರಶ್ನೆಯೂ ಒಂದೇ: ಇಂಥ ಭಾರಕ್ಕೆ ಎಂಥ ಸ್ಪ್ರಿಂಗ್? ಊಹೆಯಿಂದ ಉತ್ತರ ಹೇಳಬಹುದಿತ್ತು, ಲೆಕ್ಕದಿಂದ ಹೇಳಲು ಆಗುತ್ತಿರಲಿಲ್ಲ. ಆ ಲೆಕ್ಕ ಲೋಕಕ್ಕೆ ಸಿಗಲು ಇನ್ನೂ 13 ವರ್ಷ ಬೇಕಾಯಿತು.

ನಡುವೆ ಒಂದು ದೊಡ್ಡ ಕೆಲಸ ಹುಕ್‌ನ ಹೆಗಲೇರಿತು. 1666ರ ಸೆಪ್ಟೆಂಬರಿನಲ್ಲಿ ಲಂಡನ್ ನಗರ ಹೊತ್ತಿ ಉರಿದು, 13,000ಕ್ಕೂ ಹೆಚ್ಚು ಮನೆಗಳು ಬೂದಿಯಾದವು. ಯಾರ ಜಾಗ ಎಲ್ಲಿಂದ ಎಲ್ಲಿಯವರೆಗೆ ಎಂದು ಅಳೆದು ಗುರುತಿಸಿ ಕೊಡಲು ನಗರಾಡಳಿತ ನೇಮಿಸಿದ ಸರ್ವೇಯರುಗಳಲ್ಲಿ ಹುಕ್ ಒಬ್ಬ. ಬಿಸಿ ಆರದ ಬೂದಿಯ ನಡುವೆ ಓಡಾಡಿ ಸಾವಿರಾರು ನಿವೇಶನಗಳ ಅಳತೆ ನಡೆಯಿತು. ಗೆಳೆಯ ಕ್ರಿಸ್ಟೋಫರ್ ರೆನ್ ಜೊತೆ ಸೇರಿ ಬೆಂಕಿಯ ನೆನಪಿಗೆ ಕಟ್ಟಿದ 202 ಅಡಿ ಎತ್ತರದ ಕಲ್ಲಿನ ಕಂಬ ಇಂದಿಗೂ ಲಂಡನ್ನಿನಲ್ಲಿ ನಿಂತಿದೆ.

ಗಡಿಯಾರದ ಜಗಳ, ಒಗಟಿನಲ್ಲಿ ಅಡಗಿಸಿದ ನಿಯಮ

ಹುಕ್‌ಗೆ ಸ್ಪ್ರಿಂಗಿನ ಹುಚ್ಚು ಹಿಡಿದದ್ದು ಮುಖ್ಯವಾಗಿ ಗಡಿಯಾರದಿಂದ. ಲೋಲಕದ ಗಡಿಯಾರ ಅಲುಗಾಡುವ ಹಡಗಿನಲ್ಲಿ ಕೆಲಸಕ್ಕೆ ಬಾರದು. ಲೋಲಕದ ಬದಲು ಸ್ಪ್ರಿಂಗ್ ಬಳಸಿದರೆ ಹೇಗೆ ಎಂದು ಆತ 1660ರ ಹೊತ್ತಿಗೇ ಯೋಚಿಸಿದ್ದ. ಹಕ್ಕುಪತ್ರ ಪಡೆಯುವ ಮಾತುಕತೆ ಮುರಿದುಬಿತ್ತು, ಗುಟ್ಟನ್ನು ಹುಕ್ ತನ್ನಲ್ಲೇ ಇಟ್ಟುಕೊಂಡ. 1675ರಲ್ಲಿ ಹಾಲೆಂಡಿನ ಕ್ರಿಸ್ಟಿಯಾನ್ ಹೈಗೆನ್ಸ್ ಸುರುಳಿ ಸ್ಪ್ರಿಂಗಿನ ಗಡಿಯಾರವನ್ನು ಪ್ರಕಟಿಸಿದಾಗ ಹುಕ್ ಕೆಂಡವಾದ. ತನ್ನ ಗುಟ್ಟು ಸೋರಿದೆ ಎಂದು ರಾಯಲ್ ಸೊಸೈಟಿಯ ಕಾರ್ಯದರ್ಶಿಯ ಮೇಲೇ ಆರೋಪ ಹೊರಿಸಿದ. ಗಡಿಯಾರ ಕುಶಲಿ ಥಾಮಸ್ ಟಾಂಪಿಯನ್ ಕೈಯಿಂದ ಗಡಿಯಾರ ಮಾಡಿಸಿ ರಾಜನಿಗೆ ಕೊಟ್ಟ. ಆದರೂ ಹೆಸರು ಹೆಚ್ಚಾಗಿ ಹೈಗೆನ್ಸ್‌ಗೇ ಹೋಯಿತು.

ಇದರಿಂದ ಹುಕ್ ಕಲಿತ ಪಾಠ ವಿಚಿತ್ರ. 1676ರಲ್ಲಿ ತನ್ನ ಸ್ಪ್ರಿಂಗ್ ನಿಯಮವನ್ನು ಒಂದು ಲ್ಯಾಟಿನ್ ವಾಕ್ಯವಾಗಿ ಬರೆದು, ಅದರ 14 ಅಕ್ಷರಗಳನ್ನು ಕಲಸಿ, ವರ್ಣಮಾಲೆಯ ಕ್ರಮದಲ್ಲಿ ಜೋಡಿಸಿ ಅಚ್ಚು ಹಾಕಿಸಿದ. ಮುಂದೆ ಯಾರಾದರೂ ತಾವೇ ಮೊದಲು ಕಂಡದ್ದು ಎಂದರೆ ಒಗಟು ಬಿಡಿಸಿ ತೋರಿಸಬಹುದಲ್ಲ! 1678ರಲ್ಲಿ ಸ್ಪ್ರಿಂಗ್ ಕುರಿತ ಉಪನ್ಯಾಸ ಪುಸ್ತಕದಲ್ಲಿ ಒಗಟನ್ನು ಆತನೇ ಬಿಡಿಸಿದ. ಎಷ್ಟು ಎಳೆತವೋ ಅಷ್ಟು ಬಲ ಎನ್ನುವುದು ಅದರ ಅರ್ಥ. ತನಗಿದು ಹೊಳೆದು 18 ವರ್ಷವಾಯಿತು ಎಂದೂ ಹೇಳಿಕೊಂಡ.

ಇದಕ್ಕೆ ಬಳಸಿದ ಸಾಮಾನು ಬಹಳ ಸರಳ. ಸುರುಳಿ ಸುತ್ತಿದ ತಂತಿ, ಗಡಿಯಾರದ ಸ್ಪ್ರಿಂಗ್, ಮೇಲಿಂದ ಇಳಿಬಿಟ್ಟ 20ರಿಂದ 40 ಅಡಿ ಉದ್ದದ ತಂತಿ, ಒಣ ಮರದ ಪಟ್ಟಿ, ತೂಕದ ಬಟ್ಟಲು. ನಾವೂ ಮಾಡಿ ನೋಡಬಹುದು. ಹಳೆಯದೊಂದು ಎಳೆ ಸ್ಪ್ರಿಂಗನ್ನು ಮೊಳೆಗೆ ನೇತುಹಾಕಿ, ಕೆಳಗೆ ಪ್ಲಾಸ್ಟಿಕ್ ಡಬ್ಬಿ ಕಟ್ಟಿ, ಒಂದೊಂದೇ ಲೋಟ ನೀರು ಹಾಕುತ್ತ ಪ್ರತಿ ಸಲ ಎಷ್ಟು ಇಳಿಯಿತೆಂದು ಗೋಡೆಯ ಮೇಲೆ ಗೆರೆ ಎಳೆಯಿರಿ. ಸುರುಳಿಗಳು ಒಂದಕ್ಕೊಂದು ಬಿಡಿಸಿಕೊಂಡ ಮೇಲೆ ಗೆರೆಗಳು ಸಮ ಅಂತರದಲ್ಲಿ ಬರುತ್ತವೆ. ಅದೇ ಹುಕ್‌ನ ನಿಯಮ.

ಕಾಯಿಲ್ ಸ್ಪ್ರಿಂಗ್ ಆರಿಸುವಾಗ ಈ ನಿಯಮ ಹೇಳುವುದೇನು?

ಈಗ ಗಾಡಿಗೆ ಬರೋಣ. ಇಸುಝು ವಿ-ಕ್ರಾಸ್, ಟೊಯೊಟಾ ಹೈಲಕ್ಸ್‌ನಂಥ ಪಿಕಪ್‌ಗಳಲ್ಲಿ ಮುಂದೆ ಕಾಯಿಲ್ ಸ್ಪ್ರಿಂಗ್, ಹಿಂದೆ ಪಟ್ಟಿಗಳನ್ನು ಜೋಡಿಸಿದ ಲೀಫ್ ಸ್ಪ್ರಿಂಗ್ ಇರುತ್ತವೆ. ಆಕಾರ ಬೇರೆಯಾದರೂ ಎರಡಕ್ಕೂ ಹುಕ್‌ನ ನಿಯಮವೇ ಆಧಾರ.

ಉದಾಹರಣೆಗೆ, ಮುಂದಿನ ಒಂದು ಕಾಯಿಲ್ ಮೇಲೆ 500 ಕೆಜಿ ಭಾರವಿದೆ, ಅದು ಪ್ರತಿ 50 ಕೆಜಿಗೆ 1 ಸೆಂ.ಮೀ. ಕುಗ್ಗುತ್ತದೆ ಎಂದುಕೊಳ್ಳಿ. ಗಾಡಿ ನಿಂತಾಗ ಅದು 10 ಸೆಂ.ಮೀ. ಕುಗ್ಗಿರುತ್ತದೆ. ಗಾಡಿಯನ್ನು ಎತ್ತರಿಸಲು ಈಗ ಎರಡು ದಾರಿ. ಗಡಸುತನ ಅಷ್ಟೇ ಇರುವ, ಆದರೆ ಉದ್ದ ಹೆಚ್ಚಿರುವ ಸ್ಪ್ರಿಂಗ್ ಹಾಕುವುದು ಒಂದು. ಉದ್ದ ಅಷ್ಟೇ ಇದ್ದು ಗಡಸಾದ, ಅಂದರೆ 1 ಸೆಂ.ಮೀ. ಕುಗ್ಗಲು 60 ಕೆಜಿ ಬೇಡುವ ಸ್ಪ್ರಿಂಗ್ ಹಾಕುವುದು ಇನ್ನೊಂದು. ಎರಡನೆಯ ದಾರಿಯಲ್ಲಿ ಸ್ಪ್ರಿಂಗ್ ಸುಮಾರು 8.3 ಸೆಂ.ಮೀ. ಕುಗ್ಗುತ್ತದೆ. ಸಿಕ್ಕ ಎತ್ತರ 1.7 ಸೆಂ.ಮೀ. ಮಾತ್ರ, ಕುಲುಕಾಟ ಮಾತ್ರ ಸದಾಕಾಲ ಹೆಚ್ಚು. ಮುಂದಿನ ಸ್ಪ್ರಿಂಗ್ ಚಕ್ರಕ್ಕಿಂತ ಒಳಗೆ, ತೋಳಿನ ನಡುವೆ ಕೂರುವುದರಿಂದ ಸ್ಪ್ರಿಂಗಿನ ಬಳಿ ಸಿಕ್ಕ 1 ಸೆಂ.ಮೀ. ಚಕ್ರದ ಬಳಿ ಅದಕ್ಕಿಂತ ಹೆಚ್ಚಾಗುತ್ತದೆ. ಎರಡು ಇಂಚು ಎತ್ತರಿಸಲು ಎರಡು ಇಂಚು ಉದ್ದದ ಸ್ಪ್ರಿಂಗ್ ಬೇಕಾಗಿಲ್ಲ ಎನ್ನುವುದು ಇದಕ್ಕೇ.

ತಂತಿಯ ದಪ್ಪದ ಲೆಕ್ಕವೂ ಮೋಸ ಮಾಡುತ್ತದೆ. ಕಾಯಿಲ್‌ನ ಗಡಸುತನ ತಂತಿಯ ದಪ್ಪದ ನಾಲ್ಕನೆಯ ಘಾತಕ್ಕೆ ತಕ್ಕಂತೆ ಏರುತ್ತದೆ. 14 ಮಿ.ಮೀ. ತಂತಿಯ ಬದಲು 15 ಮಿ.ಮೀ. ತಂತಿ ಬಂದರೆ ಕಣ್ಣಿಗೆ ವ್ಯತ್ಯಾಸವೇ ತಿಳಿಯದು, ಗಡಸುತನ ಮಾತ್ರ ಸುಮಾರು 32 ಪ್ರತಿಶತ ಏರಿರುತ್ತದೆ. ಆದ್ದರಿಂದ ಅಂಗಡಿಯಲ್ಲಿ ಕೈಯಿಂದ ಮುಟ್ಟಿ ಗಟ್ಟಿ ಎನ್ನುವುದರ ಬದಲು, ತಯಾರಕರು ಕೊಟ್ಟ ಗಡಸುತನದ ಸಂಖ್ಯೆ ಮತ್ತು ಯಾವ ಭಾರಕ್ಕೆ ಮಾಡಿದ್ದು ಎಂಬ ವಿವರ ಕೇಳಬೇಕು.

ಅದಕ್ಕೆ ಮೊದಲು ನಮ್ಮ ಗಾಡಿಯ ಭಾರ ನಮಗೆ ಗೊತ್ತಿರಬೇಕು. ಸಿಮೆಂಟು, ಕಲ್ಲಿನ ನಾಡಿನಲ್ಲಿ ವೇಬ್ರಿಡ್ಜ್‌ಗೆ ಬರವಿಲ್ಲ. ಮುಂದಿನ ಚಕ್ರಗಳನ್ನು ಮಾತ್ರ ಹತ್ತಿಸಿ ಒಂದು ತೂಕ, ಹಿಂದಿನವನ್ನು ಮಾತ್ರ ಹತ್ತಿಸಿ ಇನ್ನೊಂದು. ಖಾಲಿ ಇದ್ದಾಗ ಒಮ್ಮೆ, ದಿನನಿತ್ಯದ ಹೇರಿನೊಂದಿಗೆ ಒಮ್ಮೆ. ಈ ನಾಲ್ಕು ಸಂಖ್ಯೆ ಕೈಯಲ್ಲಿದ್ದರೆ ಸ್ಪ್ರಿಂಗ್ ಆಯ್ಕೆ ಊಹೆಯಾಗಿ ಉಳಿಯುವುದಿಲ್ಲ.

ಹಾಗಾದರೆ ಗಟ್ಟಿ ಸ್ಪ್ರಿಂಗ್ ಹಾಕಿದರೆ ಹೆಚ್ಚು ಹೇರಬಹುದೇ? ಗಾಡಿ ಕಡಿಮೆ ಕುಸಿಯುತ್ತದೆ, ಅದು ನಿಜ. ಆದರೆ ಆಕ್ಸಲ್, ಬೇರಿಂಗ್, ಚಾಸಿ, ಟೈರು, ಬ್ರೇಕು ಯಾವುದೂ ಬದಲಾಗಿಲ್ಲ. ಒಂದು ಮೀಟರ್ ಉದ್ದ, ಒಂದು ಮೀಟರ್ ಅಗಲ, 4 ಸೆಂ.ಮೀ. ದಪ್ಪದ ಒಂದೇ ಹಾಸುಗಲ್ಲು ಸುಮಾರು 100 ಕೆಜಿ ತೂಗುತ್ತದೆ. ಹತ್ತು ಕಲ್ಲಿಗೆ ಒಂದು ಟನ್. ಗಾಡಿ ಕುಸಿದದ್ದು ಕಂಡರೆ ಚಾಲಕನಿಗೆ ಎಚ್ಚರಿಕೆ ಸಿಗುತ್ತಿತ್ತು. ಗಟ್ಟಿ ಸ್ಪ್ರಿಂಗ್ ಆ ಎಚ್ಚರಿಕೆಯನ್ನು ಮರೆಮಾಡುತ್ತದೆ, ಅಷ್ಟೆ. ಎಷ್ಟು ಹೇರಬಹುದು ಎಂಬುದು ಆರ್‌ಸಿಯಲ್ಲಿ ಬರೆದಿರುವ ಒಟ್ಟು ತೂಕದಿಂದ ತಿಳಿಯುತ್ತದೆ. ಸ್ಪ್ರಿಂಗ್ ಬದಲಿಸಿದ ಮಾತ್ರಕ್ಕೆ ಆ ಸಂಖ್ಯೆ ಬದಲಾಗುವುದಿಲ್ಲ.

ಹುಕ್‌ನ ನಿಯಮಕ್ಕೆ ಒಂದು ಮಿತಿಯೂ ಇದೆ. ಅತಿಯಾಗಿ ಬಾಗಿಸಿದ ಲೋಹ ಮೊದಲಿನ ಆಕಾರಕ್ಕೆ ಮರಳುವುದಿಲ್ಲ. ವರ್ಷಗಟ್ಟಲೆ ಅತಿಭಾರ ಹೊತ್ತ ಲೀಫ್ ಸ್ಪ್ರಿಂಗಿನ ಪಟ್ಟಿಗಳು ಖಾಲಿ ಗಾಡಿಯಲ್ಲೂ ಚಪ್ಪಟೆಯಾಗಿ ಕೂತಿರುವುದನ್ನು ನೀವು ನೋಡಿರಬಹುದು. ಮಿತಿ ದಾಟಿದ್ದರ ಗುರುತು ಅದು.

ಶಾಕ್ ಅಬ್ಸಾರ್ಬರ್ ಕೆಲಸವೇ ಬೇರೆ

ತನ್ನ ನಿಯಮದಿಂದ ಹುಕ್ ಇನ್ನೊಂದು ಮಾತನ್ನು ಸಾಧಿಸಲು ಹೊರಟಿದ್ದ. ಸ್ಪ್ರಿಂಗನ್ನು ಸ್ವಲ್ಪ ಎಳೆದು ಬಿಟ್ಟರೂ ಹೆಚ್ಚು ಎಳೆದು ಬಿಟ್ಟರೂ ಒಂದು ಸಲ ಹೋಗಿ ಬರಲು ಹಿಡಿಯುವ ಹೊತ್ತು ಒಂದೇ. ಗಡಿಯಾರಕ್ಕೆ ಇದು ವರ. ಗಾಡಿಗೆ ಮಾತ್ರ ಇದೇ ತೊಂದರೆ. ನಿಂತಾಗ 10 ಸೆಂ.ಮೀ. ಕುಗ್ಗಿರುವ ಸ್ಪ್ರಿಂಗಿನ ಮೇಲಿನ ಗಾಡಿ ಸೆಕೆಂಡಿಗೆ ಸುಮಾರು 1.6 ಸಲ ಮೇಲೆ ಕೆಳಗೆ ಆಡುತ್ತದೆ. ಕೇವಲ 3.5 ಸೆಂ.ಮೀ. ಕುಗ್ಗಿದ್ದರೆ ಸುಮಾರು 2.7 ಸಲ. ಗಟ್ಟಿ ಸ್ಪ್ರಿಂಗಿನ ಖಾಲಿ ಪಿಕಪ್ ಹಿಂಭಾಗ ಕುಣಿಯುವುದು, ಚಕ್ರ ರಸ್ತೆ ಬಿಟ್ಟು ಬ್ರೇಕಿನ ಹಿಡಿತ ತಪ್ಪುವುದು ಇದರಿಂದಲೇ.

ಸ್ಪ್ರಿಂಗ್ ತಾನಾಗಿ ಬೇಗ ನಿಲ್ಲದು. ನಿಲ್ಲಿಸುವುದೇ ಶಾಕ್ ಅಬ್ಸಾರ್ಬರ್ ಕೆಲಸ. ಒಳಗಿನ ಎಣ್ಣೆ ಸಣ್ಣ ರಂಧ್ರಗಳಲ್ಲಿ ನುಗ್ಗುವಾಗ ಕುಣಿತದ ಶಕ್ತಿ ಬಿಸಿಯಾಗಿ ಹೋಗುತ್ತದೆ. ಗಾಡಿಯ ಭಾರ ಹೊರುವುದು ಸ್ಪ್ರಿಂಗ್. ಸಾಮಾನ್ಯ ಶಾಕ್ ಅಬ್ಸಾರ್ಬರ್ ಎತ್ತರವನ್ನು ಹೆಚ್ಚಿಸುವುದಿಲ್ಲ. ಗ್ಯಾಸ್ ತುಂಬಿದ್ದು ಎನ್ನುವ ಶಾಕ್‌ಗಳಲ್ಲಿ ನೈಟ್ರೋಜನ್ ಇರುವುದು ಮುಖ್ಯವಾಗಿ ಬಿಸಿಯಾದ ಎಣ್ಣೆ ನೊರೆಗಟ್ಟದಿರಲಿ ಎಂದು. ಅದು ಮೇಲಕ್ಕೆ ತಳ್ಳುವ ಬಲ ಅತ್ಯಲ್ಪ.

ಆಯ್ಕೆಯಲ್ಲಿ ನೋಡಬೇಕಾದ್ದು ಎರಡು. ಒಂದು, ಉದ್ದ. ಗಾಡಿಯನ್ನು ಎತ್ತರಿಸಿ ಹಳೆಯ ಶಾಕ್ ಬಿಟ್ಟರೆ ಅದು ಆಗಲೇ ಬಹುಪಾಲು ಚಾಚಿಕೊಂಡಿರುತ್ತದೆ. ಚಕ್ರ ಗುಂಡಿಗೆ ಇಳಿದಾಗ ಇನ್ನು ಚಾಚಲು ಜಾಗವಿಲ್ಲದೆ ಟಕ್ ಎಂದು ಬಡಿಯುತ್ತದೆ. ಎರಡು, ಸ್ಪ್ರಿಂಗಿಗೆ ಹೊಂದಿಕೆ. ಗಡಸು ಸ್ಪ್ರಿಂಗ್ ಹೆಚ್ಚು ಬಲದಿಂದ ಮರಳುತ್ತದೆ, ಅದನ್ನು ಹಿಡಿದಿಡುವಷ್ಟು ತಡೆ ಶಾಕ್‌ನಲ್ಲಿರಬೇಕು. ಅದಕ್ಕೇ ಸ್ಪ್ರಿಂಗ್ ಒಂದು ಕಡೆ, ಶಾಕ್ ಇನ್ನೊಂದು ಕಡೆ ತರುವುದಕ್ಕಿಂತ ಆ ಮಾದರಿಯ ಗಾಡಿಗೆಂದೇ ಜೋಡಿಯಾಗಿ ಮಾಡಿದ್ದನ್ನು ತರುವುದು ಒಳ್ಳೆಯದು.

ಗಾಡಿಯ ಕೆಳಗೆ ಹುಕ್‌ನ ಎರಡನೆಯ ಗುರುತು

ಗೇರ್ ಬಾಕ್ಸಿನಿಂದ ಹಿಂದಿನ ಆಕ್ಸಲ್‌ಗೆ ಹೋಗುವ ಉದ್ದನೆಯ ಶಾಫ್ಟಿನ ತುದಿಗಳಲ್ಲಿ ಶಿಲುಬೆಯ ಆಕಾರದ ಕೀಲು ಇರುತ್ತದೆ. ಯೂನಿವರ್ಸಲ್ ಜಾಯಿಂಟ್ ಎನ್ನುವ ಇದಕ್ಕೆ ಹುಕ್‌ನ ಕೀಲು ಎಂಬ ಹೆಸರೂ ಇದೆ. ಇಂಥ ಕೀಲಿನ ಕಲ್ಪನೆ ಹುಕ್‌ಗಿಂತ ಹಿಂದಿನದು. ಆದರೆ ಖಗೋಳ ಉಪಕರಣಗಳಿಗಾಗಿ ಅದನ್ನು ಬಳಸಿ, 1676ರ ಪುಸ್ತಕದಲ್ಲಿ ವಿವರಿಸಿ, ಅದರ ವಿಚಿತ್ರ ಗುಣವನ್ನು ಗಮನಿಸಿದವ ಆತ. ಕೀಲು ಓರೆಯಾಗಿದ್ದಾಗ ಒಂದು ಕಡೆ ಸಮ ವೇಗದಲ್ಲಿ ತಿರುಗಿಸಿದರೂ ಇನ್ನೊಂದು ಕಡೆ ಒಮ್ಮೆ ಬೇಗ, ಒಮ್ಮೆ ನಿಧಾನ ತಿರುಗುತ್ತದೆ. ನೆರಳು ಗಡಿಯಾರದ ಗೆರೆಗಳನ್ನು ಗುರುತಿಸಲು ಹುಕ್ ಇದೇ ಗುಣವನ್ನು ಬಳಸಿಕೊಂಡ.

ಗಾಡಿ ಎತ್ತರಿಸಿದಾಗ ಈ ಕೀಲಿನ ಓರೆ ಹೆಚ್ಚುತ್ತದೆ. 10 ಡಿಗ್ರಿ ಓರೆಯಲ್ಲಿ ವೇಗದ ಏರಿಳಿತ ಸುಮಾರು 1.5 ಪ್ರತಿಶತ, 20 ಡಿಗ್ರಿಯಲ್ಲಿ ಸುಮಾರು 6 ಪ್ರತಿಶತ. ಎರಡು ತುದಿಯ ಕೀಲುಗಳ ಓರೆ ಸಮವಿದ್ದರೆ ಒಂದರ ಏರಿಳಿತವನ್ನು ಇನ್ನೊಂದು ಸರಿದೂಗಿಸುತ್ತದೆ. ಲೀಫ್ ಸ್ಪ್ರಿಂಗ್ ಕೆಳಗೆ ಅಳತೆಯಿಲ್ಲದ ತುಂಡು ಇಟ್ಟು ಆಕ್ಸಲ್ ತಿರುಚಿದರೆ ಸಮತೋಲ ತಪ್ಪಿ, ವೇಗದಲ್ಲಿ ಗಾಡಿ ನಡುಗುತ್ತದೆ, ಕೀಲು ಬೇಗ ಸವೆಯುತ್ತದೆ. ಎರಡು ಇಂಚಿನಿಂದ ಏನೂ ಆಗದು ಎನ್ನುವ ಮೂರನೆಯ ನಂಬಿಕೆ ಬೀಳುವುದು ಇಲ್ಲಿ.

ಬದಲಾಗುವುದು ಅದೊಂದೇ ಅಲ್ಲ. ಮುಂದಿನ ಚಕ್ರಗಳ ಅಲೈನ್‌ಮೆಂಟ್ ಹೊಸದಾಗಿ ಮಾಡಿಸಬೇಕು. ಬ್ರೇಕಿನ ಹೋಸ್ ಪೈಪಿನ ಉದ್ದ ಸಾಕೇ ಎಂದು ನೋಡಬೇಕು. ದೀಪಗಳನ್ನು ತಗ್ಗಿಸಬೇಕು. ಗಾಡಿಯ ಗುರುತ್ವ ಕೇಂದ್ರ 5 ಸೆಂ.ಮೀ. ಮೇಲೇರಿದರೆ ತಿರುವಿನಲ್ಲಿ ಪಲ್ಟಿಯಾಗದೆ ತಡೆಯುವ ಶಕ್ತಿ ಸುಮಾರು 5ರಿಂದ 7 ಪ್ರತಿಶತ ಇಳಿಯುತ್ತದೆ. ಖಾಲಿ ಗಾಡಿಗೆ ಇದು ಸಣ್ಣ ಮಾತು. ಕಲ್ಲು ಎತ್ತರಕ್ಕೆ ಹೇರಿ, ಅದರ ಮೇಲೆ ಹಮಾಲರು ಕೂತಿರುವ ಗಾಡಿಗೆ ಇದು ಜೀವದ ಮಾತು. ಇನ್ನೊಂದು ವಿಷಯ: ಹಿಂದೆ ಒಂದೇ ಗಟ್ಟಿ ಆಕ್ಸಲ್ ಇರುವ ಪಿಕಪ್‌ನಲ್ಲಿ ಸ್ಪ್ರಿಂಗ್ ಎತ್ತರಿಸಿದರೆ ಮೈ ಮಾತ್ರ ಮೇಲೇರುತ್ತದೆ. ಕಲ್ಲಿಗೆ ತಗಲುವ ಡಿಫರೆನ್ಷಿಯಲ್ ಗುಂಡು ಇದ್ದಲ್ಲೇ ಇರುತ್ತದೆ. ಅದನ್ನು ಎತ್ತಲು ದೊಡ್ಡ ಟೈರಿನಿಂದ ಮಾತ್ರ ಸಾಧ್ಯ.

ಕಳೆದುಹೋದ ಮುಖ

ಹುಕ್‌ನ ಕೊನೆಯ ವರ್ಷಗಳು ಸುಖದ್ದಾಗಿರಲಿಲ್ಲ. ಬೆಳಕು, ಬಣ್ಣಗಳ ವಿಷಯದಲ್ಲಿ 1672ರಲ್ಲೇ ಐಸಾಕ್ ನ್ಯೂಟನ್ ಜೊತೆ ಜಗಳವಾಗಿತ್ತು. 1679ರ ಕೊನೆಯಲ್ಲಿ ಗ್ರಹಗಳ ಚಲನೆಯ ಬಗ್ಗೆ ಇಬ್ಬರೂ ಪತ್ರ ಬರೆದುಕೊಂಡರು. ದೂರದ ವರ್ಗಕ್ಕೆ ತಕ್ಕಂತೆ ಗುರುತ್ವ ಕುಗ್ಗುತ್ತದೆ ಎಂಬ ಮಾತನ್ನು ಹುಕ್ ಅಲ್ಲಿ ಎತ್ತಿದ್ದ. ಅದನ್ನು ಗಣಿತದಿಂದ ಸಾಧಿಸಿ ತೋರಿಸಿದ್ದು ನ್ಯೂಟನ್. 1687ರಲ್ಲಿ ನ್ಯೂಟನ್‌ನ ಮಹಾಗ್ರಂಥ ಬಂದಾಗ ತನಗೆ ಸಲ್ಲಬೇಕಾದ ಗೌರವ ಸಿಗಲಿಲ್ಲ ಎಂದು ಹುಕ್ ನೊಂದ. ಅದೇ ವರ್ಷ ಮನೆಯಲ್ಲಿ ಜೊತೆಗಿದ್ದ ಅಣ್ಣನ ಮಗಳು ಗ್ರೇಸ್ ತೀರಿಕೊಂಡಳು. ಉಪನ್ಯಾಸಗಳಿಗೆ ವರ್ಷಕ್ಕೆ 50 ಪೌಂಡ್ ಕೊಡುವುದಾಗಿ ಮಾತು ಕೊಟ್ಟಿದ್ದ ವ್ಯಾಪಾರಿಯ ಹಣಕ್ಕಾಗಿ ಕೋರ್ಟು ಮೆಟ್ಟಿಲು ಹತ್ತಿ, 1696ರಲ್ಲಿ ಗೆದ್ದ. ದೃಷ್ಟಿ ಮಂಕಾಗಿ, ಕಾಲು ಊದಿ, 1703ರ ಮಾರ್ಚ್ 3ರಂದು ಗ್ರೆಶಮ್ ಕಾಲೇಜಿನ ತನ್ನ ಕೋಣೆಯಲ್ಲಿ ಸತ್ತ. ಬಡವನಂತೆ ಬದುಕಿದ್ದವನ ಪೆಟ್ಟಿಗೆಯಲ್ಲಿ ಸಾವಿರಾರು ಪೌಂಡ್ ಹಣವಿತ್ತು.

ಅದೇ ವರ್ಷ ನ್ಯೂಟನ್ ರಾಯಲ್ ಸೊಸೈಟಿಯ ಅಧ್ಯಕ್ಷನಾದ. ಸೊಸೈಟಿಯಲ್ಲಿದ್ದ ಹುಕ್‌ನ ಚಿತ್ರಪಟ ಆಮೇಲೆ ಕಾಣೆಯಾಯಿತು. ನ್ಯೂಟನ್ನೇ ಅದನ್ನು ಸುಡಿಸಿದ ಎಂಬ ಕಥೆ ಇಂದಿಗೂ ಓಡಾಡುತ್ತಿದೆ. ಕೇಳಲು ರೋಚಕವಾಗಿದ್ದರೂ ಅದಕ್ಕೆ ಪುರಾವೆ ಇಲ್ಲ. 1710ರಲ್ಲಿ ಸೊಸೈಟಿ ಬೇರೆ ಕಟ್ಟಡಕ್ಕೆ ಹೋಯಿತು, ಆ ಗಡಿಬಿಡಿಯಲ್ಲಿ ಕಳೆದಿರಲೂಬಹುದು. ಹುಕ್‌ನ ಮುಖ ಹೇಗಿತ್ತೆಂದು ಖಚಿತವಾಗಿ ತೋರಿಸುವ, ಎಲ್ಲರೂ ಒಪ್ಪುವ ಚಿತ್ರ ನಮ್ಮ ಬಳಿ ಇಲ್ಲ. ಕಳೆದದ್ದು ಕೆಲವೊಮ್ಮೆ ಸಿಗುತ್ತದೆ ಎನ್ನಿ. 2006ರಲ್ಲಿ ಇಂಗ್ಲೆಂಡಿನ ಮನೆಯೊಂದರ ಕಪಾಟಿನಲ್ಲಿ ಹುಕ್ ಕೈಬರಹದ 500ಕ್ಕೂ ಹೆಚ್ಚು ಪುಟಗಳ ಸಭಾ ಟಿಪ್ಪಣಿ ಸಿಕ್ಕಿತು. ರಾಯಲ್ ಸೊಸೈಟಿ ಸುಮಾರು 10 ಲಕ್ಷ ಪೌಂಡ್ ಕೊಟ್ಟು ಅದನ್ನು ಕೊಂಡಿತು.

ಗ್ಯಾರೇಜಿಗೆ ಹೋಗುವ ಮುನ್ನ

ನಿಮ್ಮ ಪಿಕಪ್ ಕುಸಿದು ಕೂರುತ್ತಿದೆ ಎಂದಾದರೆ ಮೊದಲು ವೇಬ್ರಿಡ್ಜ್‌ಗೆ ಹೋಗಿ. ಭಾರ ಮಿತಿಯೊಳಗಿದ್ದೂ ಕುಸಿಯುತ್ತಿದ್ದರೆ ಹಳೆಯ ಸ್ಪ್ರಿಂಗ್ ಸೋತಿದೆ, ಕಂಪನಿ ಅಳತೆಯ ಹೊಸದನ್ನೇ ಹಾಕಿಸಿದರೆ ಹೋದ ಎತ್ತರ ಮರಳುತ್ತದೆ. ಭಾರವೇ ಹೆಚ್ಚಿದ್ದರೆ ಸ್ಪ್ರಿಂಗ್ ಬದಲಿಸುವ ಬದಲು ಎರಡು ಟ್ರಿಪ್ ಹೊಡೆಯುವುದು ಅಗ್ಗ. ಅತಿಭಾರಕ್ಕೆ ಮೋಟಾರು ವಾಹನ ಕಾಯ್ದೆಯ 194ನೇ ಕಲಮಿನ ಪ್ರಕಾರ 20,000 ರೂಪಾಯಿ ದಂಡ, ಹೆಚ್ಚಾದ ಪ್ರತಿ ಟನ್‌ಗೆ ಮತ್ತೆ 2,000. ಎತ್ತರಿಸಲೇಬೇಕೆಂದರೆ, ಆರ್‌ಸಿಯ ವಿವರಗಳಿಗೆ ಹೊಂದದಂತೆ ಗಾಡಿ ಬದಲಿಸುವಂತಿಲ್ಲ ಎನ್ನುವ 52ನೇ ಕಲಮು ನೆನಪಿರಲಿ. ಮೊದಲು ಆರ್‌ಟಿಒ ಕಚೇರಿಯಲ್ಲಿ ವಿಚಾರಿಸಿ, ವಿಮಾ ಕಂಪನಿಗೂ ತಿಳಿಸಿ.

ಹುಕ್ ಮತ್ತು ಗೆಳೆಯರು ಕುದುರೆ ಗಾಡಿಗೆ ಸ್ಪ್ರಿಂಗ್ ಕಟ್ಟಿ ಓಡಿಸಿ ನೋಡುತ್ತಿದ್ದಾಗ ಈ ಯಾವ ಲೆಕ್ಕವೂ ಅವರ ಕೈಯಲ್ಲಿರಲಿಲ್ಲ. ನಮ್ಮ ಕೈಯಲ್ಲಿದೆ. ಚಿಂಚೋಳಿಯ ದಾರಿಯಲ್ಲಿ ಕಲ್ಲು ಹೇರಿ ಹೊರಡುವ ಮುನ್ನ ಅದನ್ನು ಒಮ್ಮೆ ಬಳಸೋಣ.